ಕೂಡ್ಲಪ್ಪನ ಮಾತು

ಎರಡು ಬೋಳು ಗುಡ್ಡಗಳ ನಡುವೆ ಒಂದು ಸೀಮೆಯಿತ್ತು. ಅಲ್ಲಿಯವರು ಅದನ್ನು ನಮ್ಮ ನಾಡು ಎನ್ನುತ್ತಿದ್ದರು. ರಾಜಧಾನಿಯ ಕಡತಗಳಲ್ಲಿ ಅದಕ್ಕೆ ಕೆಳಸೀಮೆ ಎಂದಷ್ಟೇ ಹೆಸರು. ಮೂಡಣ ಗುಡ್ಡದ ಓರೆಯಲ್ಲಿ ಕುದುರೆಗಳ ಕೇರಿ, ಪಡುವಣ ತಗ್ಗಿನಲ್ಲಿ ಕತ್ತೆಗಳ ಕೇರಿ, ನಡುವೆ ಒಂದು ಹಳ್ಳ. ಹಳ್ಳದ ನೀರನ್ನು ಮೇಲುಗಡೆ ಕುದುರೆಗಳು ಕುಡಿಯಬೇಕು, ಅವು ಕುಡಿದು ಕಲಕಿದ್ದನ್ನು ಕೆಳಗಡೆ ಕತ್ತೆಗಳು ಕುಡಿಯಬೇಕು. ಈ ಪದ್ಧತಿಯನ್ನು ಯಾರು ಮಾಡಿದರೆಂದು ಯಾರಿಗೂ ನೆನಪಿರಲಿಲ್ಲ. ನೆನಪಿಲ್ಲದ್ದರಿಂದಲೇ ಅದನ್ನು ಬದಲಿಸುವ ಧೈರ್ಯವೂ ಯಾರಿಗೂ ಇರಲಿಲ್ಲ.

ಎರಡೂ ಕೇರಿಯ ಮರಿಗಳು ಒಟ್ಟಿಗೆ ಕೂರುತ್ತಿದ್ದ ಜಾಗ ಒಂದೇ ಒಂದು. ಅದು ಹಳ್ಳದ ದಂಡೆಯ ಹಳೆಯ ಸುಂಕದ ಮನೆಯಲ್ಲಿ ನಡೆಯುತ್ತಿದ್ದ ಶಾಲೆ. ಆ ಶಾಲೆಯನ್ನು ಕಟ್ಟಿದವರು ಧೂಳಪ್ಪ ಮಾಸ್ತರರು. ಅವರು ಅಪ್ಪಟ ಕತ್ತೆ, ಅಪ್ಪಟ ಪಂಡಿತರು. ಗೊರಸಿನ ತುದಿಯಿಂದ ಮರಳ ಮೇಲೆ ಅವರು ಬರೆದ ಅಕ್ಷರವನ್ನು ಗಾಳಿಯೂ ಅಳಿಸಲು ಹಿಂಜರಿಯುತ್ತದೆ ಎಂದು ಕುದುರೆ ಕೇರಿಯವರೇ ಹೇಳುತ್ತಿದ್ದರು. ಹೊಗಳಿಕೆಯೇನೋ ನಿಜ, ಆದರೆ ಹೊಗಳಿದವರು ಯಾರೂ ಅವರನ್ನು ತಮ್ಮ ಅಂಗಳಕ್ಕೆ ಕರೆದಿರಲಿಲ್ಲ.

ಹನ್ನೊಂದು ವರ್ಷ ಒಬ್ಬರೇ ಕಲಿಸಿದ ಮೇಲೆ ಅವರಿಗೆ ಜೊತೆಯಾಗಿ ಬಂದವನು ಕೂಡ್ಲಪ್ಪ. ಅವನು ಹೇಸರಗತ್ತೆ. ಅಪ್ಪ ಕತ್ತೆ ಕೇರಿಯವನು, ತಾಯಿ ಕುದುರೆ ಕೇರಿಯವಳು. ಎರಡೂ ಕೇರಿಯಲ್ಲಿ ಅವನಿಗೆ ನೆಂಟರಿದ್ದರು, ಎರಡೂ ಕೇರಿಯಲ್ಲಿ ಮನೆಯಿರಲಿಲ್ಲ. ಶಾಲೆಯ ಹಿಂದಿನ ಚಪ್ಪರದಲ್ಲೇ ಮಲಗುತ್ತಿದ್ದ. ಲಕಾರ ಳಕಾರಗಳ ಭೇದ ಅವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಮಗ್ಗಿಯಲ್ಲಿ ಹದಿಮೂರರಿಂದ ಮುಂದೆ ಮರಿಗಳೇ ಅವನಿಗೆ ಹೇಳಿಕೊಡಬೇಕಿತ್ತು. ಆದರೂ ಅವನು ಬಾಯಿ ತೆರೆದರೆ ಕಿಟಕಿಯಾಚೆ ಮೇಯುತ್ತಿದ್ದವರೂ ಮೇವು ಬಿಟ್ಟು ಕತ್ತೆತ್ತುತ್ತಿದ್ದರು.

ಒಮ್ಮೆ ಧೂಳಪ್ಪ ಮಾಸ್ತರರಿಗೆ ಚಳಿಜ್ವರ ಬಂತು. ಎಂಟು ದಿನ ಬಿಟ್ಟು, ಇನ್ನೂ ನಡುಗುವ ಕಾಲಿನಲ್ಲೇ ಶಾಲೆಗೆ ಬಂದರು. ಮರಿಗಳು ಎದ್ದು ನಿಂತವು, ನಮಸ್ಕಾರ ಮಾಡಿದವು. ಆಮೇಲೆ ಮೊದಲ ಸಾಲಿನ ಪುಟ್ಟ ಹೆಣ್ಣುಮರಿ ಕೇಳಿತು: "ಮಾಸ್ತರ, ಕೂಡ್ಲಪ್ಪ ಮಾಸ್ತರು ಇವತ್ತ ಬರೂದಿಲ್ಲೇನ್ರಿ?"

ಕೇಳಿದ್ದು ಇಷ್ಟೇ. ಧೂಳಪ್ಪ ಮಾಸ್ತರರು ಆ ದಿನ ಮಗ್ಗಿ ಹೇಳಿಸಿದರು, ಕಾಗುಣಿತ ತಿದ್ದಿದರು, ಎಂದಿನಂತೆ ಗಂಟೆ ಬಾರಿಸಿ ಮನೆಗೆ ಹೋದರು. ಆದರೆ ಜ್ವರ ಬಿಟ್ಟ ಮೈಯಲ್ಲಿ ಬೇರೊಂದು ಬಿಸಿ ಉಳಿದುಕೊಂಡಿತ್ತು. ಅದಕ್ಕೆ ಕಷಾಯ ಇರಲಿಲ್ಲ.

ಸೀಮೆಯ ಮೇಲೆ, ಬೆಟ್ಟದ ನೆತ್ತಿಯಲ್ಲಿ ರಾಜಧಾನಿ. ಅಲ್ಲಿ ಆನೆ ದೊರೆ. ಹಳ್ಳ ಹುಟ್ಟುತ್ತಿದ್ದುದೇ ದೊರೆ ಜಳಕ ಮಾಡುವ ಹೊಂಡದಿಂದ. ಹೊಂಡಕ್ಕೊಂದು ತೂಬು; ತೂಬು ಕಾಯುವುದಕ್ಕೆ ಒಬ್ಬ ಉಡ. ಹಿಡಿದದ್ದನ್ನು ಬಿಡದವನು ಎಂಬ ಒಂದೇ ಅರ್ಹತೆಯ ಮೇಲೆ ಅವನನ್ನು ಆ ಕೆಲಸಕ್ಕೆ ನೇಮಿಸಿದ್ದರು. ಕೆಳಸೀಮೆಯಿಂದ ಒಬ್ಬ ಪ್ರತಿನಿಧಿ ಆಸ್ಥಾನಕ್ಕೆ ಹೋಗಿ ನೀರು ಕೇಳುವುದು ರೂಢಿ. ಆ ಪ್ರತಿನಿಧಿ ತಲೆತಲಾಂತರದಿಂದ ಕುದುರೆ ಕೇರಿಯ ಹಿರಿಯರಾದ ರಾವುತರಾಯರ ಮನೆತನದವರು. ಅವರು ಹೋದಾಗಲೆಲ್ಲ ಶಾಲು ಹೊದ್ದು ಬರುತ್ತಿದ್ದರು. ನೀರು ತನ್ನ ಮನಸ್ಸಿಗೆ ಬಂದಾಗ ಬರುತ್ತಿತ್ತು.

ಒಂದು ಬೇಸಿಗೆಯಲ್ಲಿ ದೊರೆಯ ಮಗಳ ಮದುವೆ ಗೊತ್ತಾಯಿತು. ಬೀಗರ ಕಡೆಯ ಆನೆಗಳೆಲ್ಲ ಹೊಂಡಕ್ಕಿಳಿದವು. ತೂಬು ಮುಚ್ಚಿತು. ಆರನೆಯ ದಿನಕ್ಕೆ ಹಳ್ಳದಲ್ಲಿ ಒಂದೇ ಒಂದು ಗುಂಡಿಯಷ್ಟು ನೀರು ಉಳಿದು, ಅದು ಸರಿಯಾಗಿ ಎರಡು ಕೇರಿಗಳ ಗಡಿಯಲ್ಲೇ ಇತ್ತು. ಕುದುರೆಗಳು ಮೇಲಿಂದ ಇಳಿದವು, ಕತ್ತೆಗಳು ಕೆಳಗಿಂದ ಹತ್ತಿದವು. ಮೊದಲ ಒದೆ ಯಾರದೆಂದು ಗೊತ್ತಾಗಲಿಲ್ಲ. ಎರಡನೆಯದಕ್ಕೆ ಒಂದು ಮುದಿ ಕತ್ತೆಯ ಪಕ್ಕೆಲುಬು ಮುರಿಯಿತು.

ಆಗ ಕೂಡ್ಲಪ್ಪ ಬಂದು ಗುಂಡಿಯ ಪಕ್ಕದಲ್ಲಿ, ಎರಡೂ ಗುಂಪಿನ ನಡುವೆ, ಮಲಗಿಬಿಟ್ಟ.

"ಮೊದಲ ನನ್ನ ಒದೀರಿ. ಅರ್ಧ ನೀವು ಒದೀರಿ, ಅರ್ಧ ಅವರು ಒದೀಲಿ. ನಿಮ್ಮ ನಿಮ್ಮ ಪಾಲು ಎಲ್ಲೈತಿ ಅಂತ ನಿಮಗ ಗೊತ್ತೈತಲ್ಲ," ಎಂದ.

ಮಲಗಿದ ಹೇಸರಗತ್ತೆಯನ್ನು ಎಬ್ಬಿಸಿದವರು ಲೋಕದಲ್ಲಿ ಯಾರಿದ್ದಾರೆ? ಸಂಜೆಯ ಹೊತ್ತಿಗೆ ಎಲ್ಲರಿಗೂ ದಣಿವಾಯಿತು. ಮರಿಗಳಿಗಷ್ಟೇ ನೀರು ಎಂದು ಒಪ್ಪಂದವಾಯಿತು. ಕೂಡ್ಲಪ್ಪ ಎದ್ದು, ಮೈಯ ಕೆಸರನ್ನೂ ಕೊಡವದೆ, ನೆಟ್ಟಗೆ ಧೂಳಪ್ಪ ಮಾಸ್ತರರ ಮನೆಗೆ ಬಂದ.

"ಅಣ್ಣಾರ, ದೊರೆಗೆ ಒಂದು ಅರ್ಜಿ ಬರದ ಕೊಡ್ರಿ. ನಾ ಬರದ್ರ ಉಡ ನಕ್ಕೊಂತ ಹರದ ಹಾಕ್ತಾನ."

ಧೂಳಪ್ಪ ಮಾಸ್ತರರು ಮುತ್ತುಗದ ಎಲೆಯ ಮೇಲೆ, ಹಲ್ಲಿನಲ್ಲಿ ಇದ್ದಿಲು ಕಚ್ಚಿ ಬರೆದರು. ತಮ್ಮ ಮೂವತ್ತು ವರ್ಷದ ಓದನ್ನೆಲ್ಲ ಏಳು ಸಾಲಿಗೆ ಭಟ್ಟಿ ಇಳಿಸಿದರು. "ಮಹಾಪ್ರಭುವೇ, ತಮ್ಮ ಜಳಕ ನಮ್ಮ ಬಾಯಾರಿಕೆಯಷ್ಟು ಹಳೆಯದಲ್ಲ" ಎಂಬುದು ಅದರ ಮೊದಲ ಸಾಲು.

ಮರುದಿನ ಬೆಳಿಗ್ಗೆ ಕೂಡ್ಲಪ್ಪ ಅದನ್ನು ಹಳ್ಳದ ದಂಡೆಯ ಮೇಲೆ ಎರಡೂ ಕೇರಿಗೆ ಓದಿ ಹೇಳಿದ. ಓದುತ್ತ ಓದುತ್ತ ಅವನ ದನಿ ಒಡೆಯಿತು. ಸೊಕ್ಕಿನ ಕುದುರೆಗಳ ಕಣ್ಣಲ್ಲೂ ನೀರಾಡಿತು. "ಎಂಥಾ ಮಾತು! ಎಂಥಾ ಮಾತು!" ಎಂದು ಕೂಗೆದ್ದಿತು. ಆ ಗದ್ದಲದ ನಡುವೆಯೇ ಕೂಡ್ಲಪ್ಪ, "ಇದನ್ನ ಬರದವರು ನಮ್ಮ ಧೂಳಪ್ಪ ಮಾಸ್ತರು" ಎಂದ. ಯಾರಿಗೂ ಕೇಳಿಸಲಿಲ್ಲ. ಧೂಳಪ್ಪ ಮಾಸ್ತರರೊಬ್ಬರಿಗೆ ಕೇಳಿಸಿತು. ಹೇಳದೇ ಇದ್ದಿದ್ದರೆ ಅವನನ್ನು ನೆಮ್ಮದಿಯಿಂದ ದ್ವೇಷಿಸಬಹುದಿತ್ತು. ಹೇಳಿಬಿಟ್ಟನಲ್ಲ, ಅದೇ ಅವರಿಗೆ ತಡೆಯದಾಯಿತು.

ಅರ್ಜಿ ಹಿಡಿದ ಕೂಡ್ಲಪ್ಪ ಉಡನ ಬಾಗಿಲಲ್ಲಿ ಮೂರು ದಿನ ಮಲಗಿದ. ನಾಲ್ಕನೆಯ ದಿನ ತೂಬು ತೆರೆಯಿತು. ಆ ವರ್ಷದ ಕೊನೆಗೆ ಸೀಮೆಯ ಸಭೆ ಸೇರಿದಾಗ ರಾವುತರಾಯರ ಹೆಸರನ್ನು ರಾವುತರಾಯರೇ ಸೂಚಿಸಿಕೊಳ್ಳಬೇಕಾಯಿತು. ಕೂಡ್ಲಪ್ಪನ ಹೆಸರನ್ನು ಎಲ್ಲರೂ ಒಟ್ಟಿಗೆ ಕೂಗಿದರು. ಶಾಲೆಯ ಮಾಸ್ತರ ಸೀಮೆಯ ಪ್ರತಿನಿಧಿಯಾದ.

ಆಮೇಲಿನ ಹದಿನಾಲ್ಕು ವರ್ಷ ಅವನದೇ ಕಾಲ. ದಿನ ಬಿಟ್ಟು ದಿನ ತೂಬು ತೆರೆಯುವ ಕರಾರು ಮಾಡಿಸಿದ. ಗಡಿಯ ಆ ಗುಂಡಿಯಿದ್ದಲ್ಲಿ ಕಲ್ಲಿನ ತೊಟ್ಟಿ ಕಟ್ಟಿಸಿ, ಎರಡೂ ಕೇರಿಯವರು ಒಂದೇ ಅಂಚಿಗೆ ಬಾಯಿ ಹಚ್ಚುವಂತೆ ಮಾಡಿದ. ಮೊದಲ ವರ್ಷ ಕುದುರೆಗಳು ಕಣ್ಣು ಮುಚ್ಚಿಕೊಂಡು ಕುಡಿದವು. ಮೂರನೆಯ ವರ್ಷ ಕಣ್ಣು ತೆರೆದು ಕುಡಿದವು. ಹಾಗೆಂದು ಅವನು ದೇವರೇನೂ ಆಗಿರಲಿಲ್ಲ. ಯಾರು ಏನು ಕೇಳಿದರೂ ಆಗಲಿ ಎನ್ನುತ್ತಿದ್ದ. ತೊಟ್ಟಿಯ ಕಾವಲಿಗೆ ತನ್ನ ಸೋದರತ್ತೆಯ ಮಗನನ್ನೇ ಹಾಕಿಸಿದ. ಕೊರಳಿಗೆ ಗೆಜ್ಜೆಪಟ್ಟಿ ಬಂತು, ಹೊಟ್ಟೆ ಬಂತು. ಹೂವಿನ ಹಾರ ಹಾಕಿದರೆ ಭಾಷಣ ಮುಗಿಯುವುದರೊಳಗೆ ಅರ್ಧ ತಿಂದಿರುತ್ತಿದ್ದ. ಶಾಲೆಯ ಕಡೆ ವರ್ಷಕ್ಕೊಮ್ಮೆ ತಲೆ ಹಾಕಿ, ಮರಿಗಳ ಹೆಸರು ತಪ್ಪುತಪ್ಪಾಗಿ ಕರೆದು ಹೋಗುತ್ತಿದ್ದ. ಮರಿಗಳು ಆ ತಪ್ಪು ಹೆಸರನ್ನೇ ವಾರಗಟ್ಟಲೆ ಹೆಮ್ಮೆಯಿಂದ ಇಟ್ಟುಕೊಳ್ಳುತ್ತಿದ್ದವು.

ಮತ್ತು ಈ ಹದಿನಾಲ್ಕು ವರ್ಷವೂ ಅವನ ಭಾಷಣಗಳನ್ನು ಬರೆದವರು ಧೂಳಪ್ಪ ಮಾಸ್ತರರು.

ಯಾಕೆ ಬರೆದರು? ಅವರನ್ನೇ ಕೇಳಿದ್ದರೆ ಸೀಮೆಯ ಹಿತಕ್ಕಾಗಿ ಎನ್ನುತ್ತಿದ್ದರು. ಅದು ಸುಳ್ಳಲ್ಲ. ಆದರೆ ಗುಂಪಿನ ಹಿಂದೆ, ಜಾಲಿಮರದ ನೆರಳಲ್ಲಿ ನಿಂತು, ತಮ್ಮದೊಂದು ಸಾಲು ಸಾವಿರ ಕಿವಿಗಳನ್ನು ಒಮ್ಮೆಗೇ ನೆಟ್ಟಗೆ ನಿಲ್ಲಿಸುವುದನ್ನು ನೋಡುವ ಚಟವೂ ಅವರಿಗೆ ಹತ್ತಿತ್ತು. ಕಿವಿಗಳು ನಿಂತ ಗಳಿಗೆಯಲ್ಲಿ ಅವರ ಎದೆ ಉಬ್ಬುತ್ತಿತ್ತು. ಮರುಗಳಿಗೆಯಲ್ಲಿ ಆ ಕಿವಿಗಳು ಯಾರ ಕಡೆ ತಿರುಗಿವೆಯೆಂದು ಕಂಡು ಗೊರಸಿನಿಂದ ನೆಲ ಕೆರೆಯುತ್ತಿದ್ದರು.

ಕತ್ತೆ ಕೇರಿಗೆಂದು ಅವರು ಬರೆದುಕೊಟ್ಟದ್ದು ಹೀಗೆ: "ಈ ಬೆನ್ನು ನನ್ನ ಅಪ್ಪನದು. ಹೊರೆಯೆಂದರೇನೆಂದು ಇದಕ್ಕೆ ಹುಟ್ಟುವ ಮೊದಲೇ ಗೊತ್ತು. ನಾನು ನಿಮ್ಮವನು." ಕುದುರೆ ಕೇರಿಗೆಂದು ಬರೆದದ್ದು: "ಈ ಕಾಲು ನನ್ನ ತಾಯಿಯವು. ತಲೆ ತಗ್ಗಿಸಿ ನಡೆಯುವುದನ್ನು ಇವಕ್ಕೆ ಯಾರೂ ಕಲಿಸಲಿಲ್ಲ. ನಾನು ನಿಮ್ಮವನು." ಎರಡು ಕಡೆಯೂ ಕಣ್ಣೀರು, ಎರಡು ಕಡೆಯೂ ಹಾರ. ಈ ಕೇರಿಯ ಸಭೆಗೆ ಆ ಕೇರಿಯವರು ಹೋಗುವ ವಾಡಿಕೆಯಿಲ್ಲದ್ದರಿಂದ ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ತಿಳಿಯಲಿಲ್ಲ.

ಎರಡನೆಯ ಸಲ ಆರಿಸಿ ಬಂದ ವರ್ಷ ಕೂಡ್ಲಪ್ಪ ಮನೆಗೆ ಬಂದು, "ಅಣ್ಣಾರ, ಸೀಮೆಗೆ ಒಬ್ಬರು ವಿದ್ಯಾಧಿಕಾರಿ ಬೇಕಾಗ್ಯಾರ. ನೀವ ಆಗಬೇಕು. ದೊರೆ ಹಂತ್ಯಾಕ ಮಾತಾಡೇನಿ," ಎಂದ.

"ನನಗ್ಯಾಕಪ್ಪ ಅವೆಲ್ಲ? ನನಗ ನನ್ನ ಶಾಲಿ ಸಾಕು," ಎಂದರು ಧೂಳಪ್ಪ ಮಾಸ್ತರರು. ಅವನು ಇನ್ನೊಮ್ಮೆ ಕೇಳುತ್ತಾನೆ ಎಂದು ಕಾದರು. ಎರಡನೆಯ ಸಲಕ್ಕೆ ಮುಖ ಸಡಿಲಿಸುವುದು, ಮೂರನೆಯ ಸಲಕ್ಕೆ ಒಪ್ಪಿಕೊಳ್ಳುವುದು ಎಂದು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಿದ್ದರು.

"ನಿಮ್ಮ ದೊಡ್ಡತನ ನನಗ ಗೊತ್ತಿಲ್ಲೇನು?" ಎಂದು ಕೂಡ್ಲಪ್ಪ ಕಾಲು ಮುಟ್ಟಿ ನಮಸ್ಕರಿಸಿ ಹೋದ. ಆ ಕೆಲಸ ಅಕ್ಷರದ ಗಂಧವಿಲ್ಲದ ಒಂದು ಕುದುರೆಗೆ ಸಿಕ್ಕಿತು.

ಅಂದಿನಿಂದ ಮಾಸ್ತರರ ಊಟ ಅರ್ಧವಾಯಿತು. ಹೆಂಡತಿ ಹೊನ್ನವ್ವ ಇದನ್ನೆಲ್ಲ ನೋಡುತ್ತಲೇ ಇದ್ದಳು. ಒಂದು ಮಧ್ಯಾಹ್ನ ಮೇವು ಮುಂದಿಟ್ಟು ಕೇಳಿದಳು: "ನೋಡ್ರಿ, ನಿಮಗ ಏನ ಬೇಕಾಗೇತಿ? ಬಾಯಿಬಿಟ್ಟ ಹೇಳ್ರಿ."

"ನ್ಯಾಯ ಬೇಕು."

"ನ್ಯಾಯ ಬೇಕಾದವರು ಇನ್ನೊಬ್ಬರ ಕೊರಳಾಗಿನ ಹಾರದಾಗ ಎಷ್ಟು ಹೂವದಾವ ಅಂತ ಎಣಸೂದಿಲ್ಲ," ಎಂದಳು ಹೊನ್ನವ್ವ.

ಮಾಸ್ತರರು ಮೇವಿಗೆ ಬಾಯಿ ಹಾಕಿದರು. ಹಿಂದಿನ ದಿನದ ಹಾರದಲ್ಲಿ ನಲವತ್ತೆರಡು ಚೆಂಡುಹೂವಿದ್ದವು.

ನಾಲ್ಕನೆಯ ಚುನಾವಣೆ ಹತ್ತಿರವಾದಾಗ ಅವರು ಒಂದು ಕೆಲಸ ಮಾಡಿದರು. ಯಾರಿಗೂ ಸುಳ್ಳು ಹೇಳಲಿಲ್ಲ. ಸುಳ್ಳು ಹೇಳುವುದು ಅವರ ಜಾಯಮಾನವಲ್ಲ. ಕತ್ತೆ ಕೇರಿಯ ಕಟ್ಟೆಯ ಮೇಲೆ ನಿಂತು, ಕೂಡ್ಲಪ್ಪ ಕುದುರೆ ಕೇರಿಯಲ್ಲಿ ಮಾಡುತ್ತಿದ್ದ ಭಾಷಣವನ್ನು ಒಂದಕ್ಷರ ತಪ್ಪದೆ ಹೇಳಿದರು, ಅಷ್ಟೇ. "ತಲೆ ತಗ್ಗಿಸಿ ನಡೆಯುವುದನ್ನು ಯಾರೂ ಕಲಿಸಲಿಲ್ಲವಂತೆ. ಹಾಗಾದರೆ ತಲೆ ತಗ್ಗಿಸಿ ನಡೆಯುವವರು ಯಾರು?" ಎಂದು ಕೊನೆಗೊಂದು ಪ್ರಶ್ನೆ ಕೇಳಿ ಕಟ್ಟೆ ಇಳಿದರು. ಕತ್ತೆ ಕೇರಿಯ ಭಾಷಣ ಹೇಗೋ ರಾವುತರಾಯರ ಕಿವಿಗೂ ತಲುಪಿತು. ಹೇಗೆ ತಲುಪಿತೆಂದು ಮಾಸ್ತರರನ್ನು ಯಾರೂ ಕೇಳಲಿಲ್ಲ.

ಎಂಟೇ ದಿನದಲ್ಲಿ ಸೀಮೆ ಹೊತ್ತಿಕೊಂಡಿತು. ತೊಟ್ಟಿಯ ಮುಂದೆ ಎರಡೂ ಕೇರಿ ಸೇರಿ ಕೂಡ್ಲಪ್ಪನನ್ನು ನಡುವೆ ನಿಲ್ಲಿಸಿದವು.

ರಾವುತರಾಯರು ಕೇಳಿದರು: "ಇವತ್ತ ಒಂದು ಮಾತು ಹೇಳಿಬಿಡು. ನೀ ಕತ್ತಿಯೋ, ಕುದರಿಯೋ?"

"ಎರಡೂ ಖರೆ ಅದಾವ್ರಿ," ಎಂದ ಕೂಡ್ಲಪ್ಪ. "ನಮ್ಮಪ್ಪನೂ ಖರೆ, ನಮ್ಮವ್ವನೂ ಖರೆ. ಒಂದು ಸುಳ್ಳು ಅಂದ್ರ ನಾನ ಹುಟ್ಟತಿದ್ದಿಲ್ಲ."

ಇದಕ್ಕೆ ಯಾರೂ ನಗಲಿಲ್ಲ. ಕತ್ತೆಗಳ ಗುಂಪಿನಿಂದ ಒಬ್ಬ ಕೂಗಿದ: "ಇಂಥಾ ಎರಡು ನಾಲಿಗಿ ಮಾತು ನಿನಗ ಕಲಿಸಿದವರು ಯಾರು? ಬರದ ಕೊಟ್ಟವರು ಯಾರದಾರ, ಅವರ ಹೆಸರು ಹೇಳು!"

ಗುಂಪಿನ ಹಿಂದೆ ನಿಂತಿದ್ದ ಧೂಳಪ್ಪ ಮಾಸ್ತರರು ಒಂದು ಹೆಜ್ಜೆ ಹಿಂದೆ ಸರಿದರು. ಹದಿನಾಲ್ಕು ವರ್ಷ ಅವರು ಕಾದದ್ದು ಈ ಪ್ರಶ್ನೆಗೇ. ಬರೆದವರು ಯಾರು ಎಂದು ಒಬ್ಬನಾದರೂ ಕೇಳಲಿ ಎಂದು ಎಷ್ಟು ಸಭೆಗಳಲ್ಲಿ ಹಂಬಲಿಸಿದ್ದರು! ಇಂದು ಸೀಮೆಗೆ ಸೀಮೆಯೇ ಕೇಳುತ್ತಿತ್ತು, ಎಲ್ಲರ ಗೊರಸಿನಡಿ ಕಲ್ಲಿದ್ದವು. ಕೂಡ್ಲಪ್ಪನ ಕಣ್ಣು ಗುಂಪಿನ ಮೇಲೆ ಹರಿದು ಬಂದು ಅವರ ಮೇಲೆ ಒಂದು ಕ್ಷಣ ನಿಂತಿತು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು.

"ನಾನ ಬರದೇನಿ," ಎಂದ ಕೂಡ್ಲಪ್ಪ. "ಒಂದೊಂದು ಅಕ್ಷರಾನೂ ನಂದ. ಯಾರ ಪಾಲೂ ಇಲ್ಲ."

ಕಲ್ಲು ಬಿದ್ದವು. ಕೂಡ್ಲಪ್ಪ ಓಡಲಿಲ್ಲ, ಮಲಗಲೂ ಇಲ್ಲ. ಒಂದು ಕಿವಿ ಹರಿದುಕೊಂಡು, ನಿಧಾನವಾಗಿ ನಡೆದು ತೆಂಕಣ ದಿಕ್ಕಿನ ಕುರುಚಲು ಕಾಡಿನ ಕಡೆ ಹೋದ. ಅಲ್ಲಿ ಗುಡಿಸಲು ಹಾಕಿಕೊಂಡಿದ್ದಾನೆ, ಮೊಲದ ಮರಿಗಳಿಗೂ ನವಿಲಿನ ಮರಿಗಳಿಗೂ ಅಕ್ಷರ ಹೇಳಿಕೊಡುತ್ತಾನೆ ಎಂದು ಆಮೇಲೆ ಸುದ್ದಿ ಬಂತು.

ಧೂಳಪ್ಪ ಮಾಸ್ತರರಿಗೆ ಉಪಕಾರದ ಭಾರ ಎಂಟು ದಿನ ಕಾಡಿತು. ಒಂಬತ್ತನೆಯ ದಿನ ಬೇರೆಯದೇ ವಿಚಾರ ಹೊಳೆದು, ನಿಂತಲ್ಲೇ ನಿಂತರು. ಕೂಡ್ಲಪ್ಪ ತಮ್ಮ ಜೀವ ಉಳಿಸಿದ್ದೇನೋ ಸರಿ. ಆದರೆ ತುಂಬಿದ ಸಭೆಯಲ್ಲಿ, ಎಲ್ಲರ ಸಾಕ್ಷಿಯಾಗಿ, ತಮ್ಮ ಜೀವಮಾನದ ಬರವಣಿಗೆಯನ್ನೆಲ್ಲ ಅವನು ತನ್ನ ಹೆಸರಿಗೆ ಬರೆಸಿಕೊಂಡು ಹೋಗಿದ್ದ. ಇನ್ನು ಅದು ತಮ್ಮದೆಂದು ಹೇಳುವ ದಾರಿಯೇ ಇರಲಿಲ್ಲ.

ಇನ್ನು ಮುಂದೆ ಒಬ್ಬ ಪ್ರತಿನಿಧಿ ಸಾಲದು, ಕೇರಿಗೊಬ್ಬರು ಬೇಕು ಎಂದು ಎರಡೂ ಕಡೆಯವರು ಹಟ ಹಿಡಿದರು. ಉಡ ಈ ಬೇಡಿಕೆಯನ್ನು ಅದೇ ದಿನ ಮಂಜೂರು ಮಾಡಿಸಿದ. ಅವನು ಅದೇ ದಿನ ಮಾಡಿಸಿದ ಕೆಲಸ ಅವನ ಸೇವೆಯಲ್ಲೇ ಅದೊಂದೇ. ಕುದುರೆಗಳಿಗೆ ರಾವುತರಾಯರು, ಕತ್ತೆಗಳಿಗೆ ಧೂಳಪ್ಪ ಮಾಸ್ತರರು. ಆಸ್ಥಾನದಲ್ಲಿ ಎದುರುಬದುರು ಎರಡು ಪೀಠ ಹಾಕಿದರು. ರಾವುತರಾಯರು ಕತ್ತೆಗಳ ಮೇಲೆ ದೂರು ಹೇಳಿದರು, ಮಾಸ್ತರರು ಕುದುರೆಗಳ ಮೇಲೆ ದೂರು ಹೇಳಿದರು. "ನೀವು ನೀವು ಮೊದಲು ತೀರ್ಮಾನಕ್ಕೆ ಬನ್ನಿ, ಆಮೇಲೆ ತೂಬಿನ ಮಾತು," ಎಂದು ದೊರೆ ಸೊಂಡಿಲು ಆಡಿಸಿ ಜಳಕಕ್ಕೆ ಎದ್ದಿತು. ತೊಟ್ಟಿಯ ನಡುವೆ ಗೋಡೆ ಎದ್ದಿತು. ಸುಂಕದ ಮನೆಗೆ ಬೀಗ ಬಿದ್ದು, ಕೇರಿಗೊಂದು ಶಾಲೆಯಾಯಿತು. ಅದಕ್ಕೆಲ್ಲ ಮಾಸ್ತರರೇ ಸಹಿ ಹಾಕಿದರು.

ಆದರೂ ಅವರು ಕಾದಿದ್ದ ದಿನ ಬಂದೇ ಬಂತು. ಪ್ರತಿನಿಧಿಯಾದ ಮೇಲೆ ಕೇರಿಯ ಮುಂದೆ ಅವರ ಮೊದಲ ಭಾಷಣ. ತಮಗಾಗಿ, ತಮ್ಮದೇ ಬಾಯಿಗಾಗಿ ಬರೆದ ಮೊದಲ ಭಾಷಣ. ಹನ್ನೆರಡು ದಿನ ಕೂತು ಬರೆದರು. ಒಂದೊಂದು ಮಾತನ್ನೂ ತೂಗಿ ನೋಡಿದರು. ಇಷ್ಟು ಚೆನ್ನಾಗಿ ತಾವು ಹಿಂದೆಂದೂ ಬರೆದಿಲ್ಲ ಎಂಬುದು ಅವರಿಗೇ ಗೊತ್ತಿತ್ತು. ಬರೆದದ್ದನ್ನು ಚೆನ್ನಾಗಿಯೇ ಹೇಳಿದರು. ಸಾವಿರ ಕಿವಿ ನೆಟ್ಟಗೆ ನಿಂತವು, ಈ ಸಲ ಅವರ ಕಡೆಗೇ.

ಸಭೆ ಮುಗಿದ ಮೇಲೆ ಒಬ್ಬ ಮುದುಕ ಕೋಲೂರಿಕೊಂಡವನಂತೆ ಮೂರೇ ಕಾಲಿನ ಮೇಲೆ ಭಾರ ಹಾಕುತ್ತ ಬಂದು, ಅವರ ಕೊರಳಿಗೆ ಕೊರಳು ತಾಗಿಸಿದ. ಅವನ ಕಣ್ಣು ಒದ್ದೆಯಾಗಿತ್ತು.

"ಭಾಳ ಚಲೋ ಹೇಳಿದ್ರಿ ಮಾಸ್ತರ. ಕಣ್ಣ ಮುಚ್ಚಿದ್ರ ಥೇಟ್ ಕೂಡ್ಲಪ್ಪನ ಮಾತ. ಅಂವ ಎಂಥಾವನರ ಇರವೊಲ್ಲನ್ಯಾಕ, ಮಾತು ಅಂದ್ರ ಅವಂದ. ಅಂವ ಹೋದ ಮ್ಯಾಲೆ ನೀವಾದ್ರೂ ಕಲ್ತೀರಲ್ಲ, ಪುಣ್ಯಾ ಬಂತು."

ಸುತ್ತ ನಿಂತವರು ಹೌದು ಹೌದು ಎಂದು ಗೋಣು ಹಾಕಿದರು. "ಆ ಗತ್ತು ಇನ್ನೂ ಬಂದಿಲ್ಲ ಬಿಡ್ರಿ, ಬರ್ತೈತಿ," ಎಂದು ಒಬ್ಬ ಸಮಾಧಾನವನ್ನೂ ಹೇಳಿದ.

ಮಾಸ್ತರರು ಮೂರು ದಿನ ಮನೆಯಿಂದ ಹೊರಗೆ ಬರಲಿಲ್ಲ. ನಾಲ್ಕನೆಯ ದಿನ ಮುಂಜಾನೆಯೇ ಎದ್ದು ತೆಂಕಣ ಕಾಡಿಗೆ ನಡೆದರು. ಗುಡಿಸಲ ಮುಂದೆ ಕೂಡ್ಲಪ್ಪ ಮರಿಗಳನ್ನು ಕೂರಿಸಿಕೊಂಡು ಒಂದು ಮೊಲದ ಮರಿಗೆ ಮಗ್ಗಿ ಹೇಳಿಸುತ್ತಿದ್ದ; ಮೊಲ ಅವನನ್ನು ತಿದ್ದುತ್ತಿತ್ತು. ಮಾಸ್ತರರನ್ನು ಕಂಡು ಎದ್ದು ನಿಂತ. ಹರಿದ ಕಿವಿ ವಾಸಿಯಾಗಿ ಓರೆಯಾಗಿ ನಿಂತಿತ್ತು.

"ಬರ್ರಿ ಅಣ್ಣಾರ, ಕೂಡ್ರಿ."

ಮಾಸ್ತರರು ಕೂರಲಿಲ್ಲ. "ನನ್ನ ಮಾತು ನನಗ ವಾಪಸ್ ಕೊಡು. ಬರದಾವ ನಾ ಅಂತ ಬಂದ ಕೇರಿ ಮುಂದ ಹೇಳು."

ಕೂಡ್ಲಪ್ಪ ಮರಿಗಳಿಗೆ ತಾಳಿ ಎಂದು ಸನ್ನೆ ಮಾಡಿದ. "ಹೇಳ್ತೀನಿ. ಇವತ್ತ ಬರ್ತೀನಿ ಬೇಕಾದ್ರ. ಆದ್ರ ಅಣ್ಣಾರ, ಕತ್ತಿ ಕೇರಿದು ಅಷ್ಟ ನಿಮ್ಮದು ಅಂತ ಹ್ಯಾಂಗ ಹೇಳಲಿ? ಕುದರಿ ಕೇರಿದೂ ನಿಮ್ಮದ ಅಲ್ಲ?"

ಮಾಸ್ತರರು ತಿರುಗಿ ನಡೆದರು. ಬೆನ್ನ ಹಿಂದೆ ಮರಿಗಳ ಮಗ್ಗಿ ಮತ್ತೆ ಶುರುವಾಯಿತು. ಅದರೊಳಗೆ ನಗುವೂ ಕೇಳಿಸಿತು. ಕಲ್ಲೇಟು ತಿಂದು ಹೋದವನ ಸುತ್ತಲೂ ನಗುವೆಲ್ಲಿಂದ ಬರುತ್ತದೆ ಎಂದು ಅವರು ದಾರಿಯುದ್ದಕ್ಕೂ ಕುದಿದರು.

ಮನೆಗೆ ಬಂದು ಮುಂದಿನ ಸಭೆಗೆ ಬರೆಯಲು ಕೂತರು. ಒಂದು ಸಾಲು ಬಂತು. ಚೆಂದವಿತ್ತು, ಹೊಡೆದು ಹಾಕಿದರು. ಇನ್ನೊಂದು ಬಂತು. ಅದೂ ಕೂಡ್ಲಪ್ಪನ ಮಾತೇ ಆಗಿತ್ತು. ತಮಗೆ ಸಹಜವಾಗಿ ಬಂದದ್ದೆಲ್ಲ ಅವನದು. ಸಂಜೆಯವರೆಗೂ ಹೊಡೆದು ಹಾಕುತ್ತ ಹೋದರು. ಕೊನೆಗೆ ಎಲೆಯ ತುಂಬ ಇದ್ದಿಲ ಮಸಿ ಉಳಿಯಿತು, ಒಂದಕ್ಷರವೂ ಇರಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೊನ್ನವ್ವ ಮೇವು ತರಲು ಒಳಗೆ ಹೋದಳು.

ಸಭೆಯ ದಿನ ಅವರು ಕಟ್ಟೆ ಹತ್ತಿ ಬರಿದೇ ನಿಂತರು. ಬಾಯಿ ತೆರೆದರು, ಮಾತು ಬರಲಿಲ್ಲ. ಕೇರಿ ಕಾಯಿತು. ಅವರು ಮತ್ತೆ ಬಾಯಿ ತೆರೆದರು. ಈ ಸಲ, ಮೂವತ್ತು ವರ್ಷ ಶಾಲೆಯಲ್ಲಿ ಮರಿಗಳಿಗೆ ಮಾಡಬಾರದೆಂದು ಕಲಿಸಿದ್ದನ್ನು, ತಾವೂ ಒಮ್ಮೆಯೂ ಮಾಡದಿದ್ದುದನ್ನು ಮಾಡಿದರು. ಕತ್ತು ಮೇಲೆತ್ತಿ, ಕಣ್ಣು ಮುಚ್ಚಿ, ಹೊಟ್ಟೆಯಾಳದಿಂದ ಅರಚಿದರು. ಅದರಲ್ಲಿ ಲಕಾರವಿರಲಿಲ್ಲ, ಳಕಾರವಿರಲಿಲ್ಲ, ಅರ್ಥವೂ ಇರಲಿಲ್ಲ. ಗುಡ್ಡಕ್ಕೆ ಬಡಿದು ಅದು ವಾಪಸ್ ಬಂತು.

ಕೇರಿಯ ಕಿವಿಗಳೆಲ್ಲ ನೆಟ್ಟಗೆ ನಿಂತವು. ಆಮೇಲೆ ಒಬ್ಬ ಅರಚಿದ, ಇನ್ನೊಬ್ಬ ಅರಚಿದ, ಇಡೀ ಕೇರಿ ಅರಚಿತು. ಮೂಡಣ ಓರೆಯಿಂದ ಕುದುರೆಗಳು ಕೆನೆದು ಉತ್ತರ ಕೊಟ್ಟವು. ಆ ಅಬ್ಬರಕ್ಕೆ ಮೇಲೆ ಹೊಂಡದಲ್ಲಿ ಮಲಗಿದ್ದ ದೊರೆ ಒಂದು ಕಣ್ಣು ತೆರೆದು ಏನದು ಎಂದು ಕೇಳಿತು. "ಏನಿಲ್ಲ ಪ್ರಭು, ಕೆಳಸೀಮೆ ಸುಖವಾಗಿದೆ," ಎಂದು ಉಡ ತೂಬಿನ ಮೇಲೆ ಇನ್ನೊಂದು ಸುತ್ತು ಹಿಡಿತ ಬಿಗಿಮಾಡಿದ.

ಕಟ್ಟೆಯಿಂದ ಇಳಿಯಲು ಕತ್ತೆಗಳು ಮಾಸ್ತರರನ್ನು ಬಿಡಲಿಲ್ಲ. ಹಾರದ ಮೇಲೆ ಹಾರ ಬಿದ್ದವು. ಎಷ್ಟು ಹೂವೆಂದು ಎಣಿಸುವಂತಿರಲಿಲ್ಲ. ಅದೇ ಮುದುಕ ಗುಂಪನ್ನು ಸೀಳಿಕೊಂಡು ಮುಂದೆ ಬಂದು ಕೂಗಿದ: "ಇದು! ಇದು ನೋಡ್ರಿ ನಮ್ಮ ಮಾಸ್ತರ ಸ್ವಂತ ಮಾತು!"

ಅಂದು ಇಡೀ ಸಭೆಯಲ್ಲಿ ಒಬ್ಬರೂ ಕೂಡ್ಲಪ್ಪನ ಹೆಸರೆತ್ತಲಿಲ್ಲ.